ಡೋಸ್ ಏರಿಸಿದ ಮೇಲೆ ಮೂರು ದಿನದಿಂದ ವಾಂತಿ. ವಾರದ ಇಂಜೆಕ್ಷನ್ ತಗೊಳ್ಳುವವರು ಹೇಗೆ ನಿಭಾಯಿಸುತ್ತಿದ್ದೀರಿ?

ಸೀಮೆಸುಣ್ಣ
ಬುಧವಾರ, ಬೆಳಗ್ಗೆ 5:50

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ, ಟೀಚರ್. ಶುಗರ್ ಬಂದು ಆರು ವರ್ಷ ಆಯ್ತು, ಮೊದಲಿಂದಲೂ ಮೆಟ್‌ಫಾರ್ಮಿನ್ ಮಾತ್ರೆ ಇದೆ. ತೂಕವೂ ಜಾಸ್ತಿ ಇದೆ ಅಂತ ಎರಡು ತಿಂಗಳ ಹಿಂದೆ ಡಾಕ್ಟರ್ ಸೆಮಾಗ್ಲುಟೈಡ್ ಇಂಜೆಕ್ಷನ್ ಶುರು ಮಾಡಿಸಿದರು. ವಾರಕ್ಕೊಂದು. ನಾಲ್ಕು ವಾರ 0.25 ಮಿ.ಗ್ರಾಂ, ಆಮೇಲೆ ನಾಲ್ಕು ವಾರ 0.5 ಮಿ.ಗ್ರಾಂ. ಆಗೀಗ ಸ್ವಲ್ಪ ಹೊಟ್ಟೆ ತೊಳಸಿದ್ದು ಬಿಟ್ಟರೆ ಏನೂ ತೊಂದರೆ ಇರಲಿಲ್ಲ. ಐದು ಕಿಲೋ ಇಳಿದೆ. ಬೆಳಗಿನ ಶುಗರ್ 170ರ ಹತ್ತಿರ ಇದ್ದದ್ದು 120ಕ್ಕೆ ಬಂತು. ತುಂಬಾ ಖುಷಿಯಾಗಿದ್ದೆ.

ಈ ಭಾನುವಾರ ರಾತ್ರಿ ಮೊದಲ ಸಲ 1 ಮಿ.ಗ್ರಾಂ ಚುಚ್ಚಿಕೊಂಡೆ. ಸೋಮವಾರ ಮಧ್ಯಾಹ್ನ ಬೋರ್ಡ್ ಮೇಲೆ ಬರೆಯುತ್ತಿದ್ದಾಗ ಬಾಯಲ್ಲಿ ನೀರು ಬಂತು, ಕೈ ತಣ್ಣಗಾಯಿತು. ಮಕ್ಕಳಿಗೆ ಓದಿಕೊಳ್ಳಿ ಅಂತ ಹೇಳಿ ಹೊರಗೆ ಓಡಿದೆ. ಅಲ್ಲಿಂದ ಇವತ್ತಿನವರೆಗೆ ಏಳೆಂಟು ಸಲ ವಾಂತಿ ಆಗಿದೆ. ರಾತ್ರಿ ಉಂಡದ್ದು ಬೆಳಗ್ಗೆ ಹಾಗೇ ಬರುತ್ತದೆ. ಕೊಳೆತ ಮೊಟ್ಟೆ ವಾಸನೆಯ ತೇಗು. ನೀರು ಕುಡಿದರೂ ಹತ್ತು ನಿಮಿಷದಲ್ಲಿ ವಾಪಸ್.

ಇದು ತಾನಾಗಿ ಕಡಿಮೆ ಆಗುತ್ತದಾ? ಮುಂದಿನ ಭಾನುವಾರ ಮತ್ತೆ 1 ಮಿ.ಗ್ರಾಂ ತಗೊಳ್ಳೋಕೆ ಭಯ ಆಗುತ್ತಿದೆ. ಡೋಸ್ ಹಿಂದಕ್ಕೆ ಇಳಿಸಿದರೆ ಇಷ್ಟು ದಿನ ಪಟ್ಟ ಪಾಡು ನೀರಲ್ಲಿ ಹೋಮ ಆಗುತ್ತದಾ? ಡಾಕ್ಟರ್‌ಗೆ ಫೋನ್ ಮಾಡೋಕೂ ಸಂಕೋಚ. ಎಲ್ಲರೂ ತಡೆದುಕೊಳ್ಳುತ್ತಾರೆ, ನನಗೆ ಮಾತ್ರ ಆಗುತ್ತಿಲ್ಲ ಅನ್ನಿಸುತ್ತಿದೆ.


ನೈಟ್ ಡ್ಯೂಟಿ
ಬುಧವಾರ, ಬೆಳಗ್ಗೆ 6:15

ಮೇಡಂ, ನಾನು ನರ್ಸ್. ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ. ನಿಮ್ಮ ಪ್ರಶ್ನೆಗಳಿಗೆ ಆಮೇಲೆ ಬರೋಣ. ಮೊದಲು ಇಷ್ಟು ಹೇಳಿ.

ನಿನ್ನೆ ಬೆಳಗ್ಗೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋದಿರಿ? ಬಣ್ಣ ಹೇಗಿದೆ? ಮಲಗಿದ್ದವರು ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದಾ? ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದೆ ನೋವು ಇದೆಯಾ, ಅದು ಬೆನ್ನಿಗೆ ಹರಿಯುತ್ತದಾ? ಮೆಟ್‌ಫಾರ್ಮಿನ್ ಬಿಟ್ಟು ಬೇರೆ ಯಾವ ಮಾತ್ರೆ ಇದೆ?


ಸೀಮೆಸುಣ್ಣ
ಬುಧವಾರ, ಬೆಳಗ್ಗೆ 6:25

ನಿನ್ನೆ ಎರಡೇ ಸಲ ಹೋದೆ. ತುಂಬಾ ಹಳದಿ. ಎದ್ದರೆ ತಲೆ ಸುತ್ತುತ್ತದೆ. ನೋವು ಅಂತ ಇಲ್ಲ, ಹೊಟ್ಟೆ ಕಲ್ಲಿನ ಹಾಗೆ ಭಾರ ಅಷ್ಟೆ. ಬಿಪಿ ಮಾತ್ರೆ ಒಂದಿದೆ, ಅದರಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧಿಯೂ ಸೇರಿದೆ ಅಂತ ಹೇಳಿದ್ದರು.


ನೈಟ್ ಡ್ಯೂಟಿ
ಬುಧವಾರ, ಬೆಳಗ್ಗೆ 6:40

ಹಾಗಾದರೆ ಸಂಕೋಚ ಬಿಡಿ. ಇವತ್ತೇ, ಈಗಲೇ ಫೋನ್ ಮಾಡಿ. ಡಾಕ್ಟರ್ ಸಿಗದಿದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಿ. ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ, ಒಬ್ಬರೇ ಗಾಡಿ ಓಡಿಸಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಈ ಇಂಜೆಕ್ಷನ್ ನೇರವಾಗಿ ಕಿಡ್ನಿಗೆ ಹೊಡೆಯುವುದಿಲ್ಲ. ಆದರೆ ವಾಂತಿ ಭೇದಿಯಿಂದ ಮೈಯಲ್ಲಿ ನೀರು ಬತ್ತಿದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಅದರ ಜೊತೆಗೆ ಮೂತ್ರ ಜಾಸ್ತಿ ಮಾಡುವ ಬಿಪಿ ಮಾತ್ರೆ ಇದ್ದರೆ ಇನ್ನೂ ಬೇಗ. ನೀರು ಬತ್ತಿದಾಗ ಮೆಟ್‌ಫಾರ್ಮಿನ್ ಕೂಡ ಎರಡು ದಿನ ನಿಲ್ಲಿಸಬೇಕಾಗಬಹುದು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಅಂತ ನಾನು ಇಲ್ಲಿಂದ ಹೇಳಬಾರದು, ಡಾಕ್ಟರ್ ಹೇಳಬೇಕು. ಆದರೆ ಈ ಪ್ರಶ್ನೆ ನೀವು ಕೇಳಲೇಬೇಕು. ಅಲ್ಲಿ ಯಾರೂ ಕೇಳದಿದ್ದರೆ ನೀವೇ ಬಾಯಿ ಬಿಟ್ಟು ಹೇಳಿ: "ನನಗೆ ಈ ಈ ಮಾತ್ರೆ ಇದೆ, ಮೂರು ದಿನದಿಂದ ವಾಂತಿ, ಏನು ನಿಲ್ಲಿಸಲಿ?"

ಹೋಗುವವರೆಗೆ ಓಆರ್‌ಎಸ್ ಕುಡಿಯಿರಿ. ಒಂದು ಲೀಟರ್ ನೀರಿಗೆ ಅಂತ ಪೊಟ್ಟಣದ ಮೇಲೆ ಬರೆದಿದ್ದರೆ ಪೂರ್ತಿ ಒಂದು ಲೀಟರ್‌ಗೇ ಹಾಕಿ. ಅರ್ಧ ಲೋಟಕ್ಕೆ ಸುರಿದು ಗಟ್ಟಿ ಮಾಡಬೇಡಿ. ಲೋಟ ಎತ್ತಿ ಗಟಗಟ ಅಂತ ಬೇಡ. ಒಂದು ಚಮಚ ಬಾಯಿಗೆ ಹಾಕಿ, ಎರಡು ನಿಮಿಷ ಬಿಡಿ, ಇನ್ನೊಂದು ಚಮಚ. ವಾಂತಿ ಆದರೆ ಹತ್ತು ನಿಮಿಷ ಸುಮ್ಮನಿದ್ದು ಮತ್ತೆ ಶುರು ಮಾಡಿ. ಅದರಲ್ಲಿ ಗ್ಲೂಕೋಸ್ ಇದೆ, ಶುಗರ್ ಇರುವವರು ಕುಡಿಯಬಾರದು ಅಂತ ಕೆಲವರು ಬಿಟ್ಟುಬಿಡುತ್ತಾರೆ. ವಾಂತಿ ಆಗುತ್ತಿರುವಾಗ ಅದು ಬೇಕು. ನಡುವೆ ಶುಗರ್ ನೋಡಿಕೊಳ್ಳುತ್ತಿರಿ.


ಬೆಳಗಿನ ನಡಿಗೆ
ಬುಧವಾರ, ಬೆಳಗ್ಗೆ 8:05

ಅಕ್ಕಾ, ಮೊದಲು ಆಸ್ಪತ್ರೆಗೆ ಹೋಗಿ ಬನ್ನಿ. ಇದನ್ನು ವಾಪಸ್ ಬಂದ ಮೇಲೆ ಓದಿ.

ನಾನು ಇದೇ ಔಷಧಿಯಲ್ಲಿ ಒಂದೂವರೆ ವರ್ಷದಿಂದ ಇದ್ದೇನೆ. ನನಗೂ 1 ಮಿ.ಗ್ರಾಂಗೆ ಹೋದಾಗ ಹೀಗೇ ಆಗಿತ್ತು, ನಿಮ್ಮಷ್ಟು ಅಲ್ಲ. ಆಮೇಲೆ ಯೋಚನೆ ಮಾಡಿದಾಗ ಗೊತ್ತಾಯಿತು, ಅರ್ಧ ತಪ್ಪು ಔಷಧಿಯದ್ದು ಅಲ್ಲ, ನನ್ನ ತಟ್ಟೆಯದ್ದು. ಔಷಧಿ ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ. ಮೊದಲು ಮೂರ್ನಾಲ್ಕು ಗಂಟೆಯಲ್ಲಿ ಮುಂದಕ್ಕೆ ಹೋಗುತ್ತಿದ್ದ ಊಟ ಇನ್ನೂ ಅಲ್ಲೇ ಕೂತಿರುತ್ತದೆ. ನಾನು ಹಸಿವಿಲ್ಲದಿದ್ದರೂ ಟೈಮ್ ಆಯ್ತು ಅಂತ ಹಳೇ ಲೆಕ್ಕದಲ್ಲೇ ಉಣ್ಣುತ್ತಿದ್ದೆ. ತುಂಬಿದ ಕೊಡಕ್ಕೆ ಮೇಲೆ ಮೇಲೆ ನೀರು ಹಾಕಿದ ಹಾಗೆ.

ಈಗ ಚಿಕ್ಕ ತಟ್ಟೆ ಇಟ್ಟುಕೊಂಡಿದ್ದೇನೆ. ಅರ್ಧ ತಿಂದು ಚಮಚ ಕೆಳಗಿಡುತ್ತೇನೆ. ಐದು ನಿಮಿಷ ಬಿಟ್ಟು ನೋಡಿ ಬೇಕು ಅನ್ನಿಸಿದರೆ ಮಾತ್ರ ಮುಂದೆ. ಸಾಕು ಅನ್ನಿಸಿದ ಮೇಲೆ ತಿನ್ನುವ ಎರಡು ತುತ್ತು ಇದೆಯಲ್ಲ, ರಾತ್ರಿ ಪೂರ್ತಿ ಕಾಡುವುದು ಆ ಎರಡು ತುತ್ತೇ. ಇಂಜೆಕ್ಷನ್ ಹಾಕಿದ ದಿನದಿಂದ ಮೂರು ದಿನ ಕರಿದದ್ದು, ಜಿಡ್ಡಿನದ್ದು ಮುಟ್ಟುವುದಿಲ್ಲ. ಊಟ ಆದ ಕೂಡಲೇ ಮಲಗುವುದಿಲ್ಲ. ಊಟದ ಜೊತೆ ಲೋಟಗಟ್ಟಲೆ ನೀರು ಕುಡಿಯುವುದಿಲ್ಲ, ಮಧ್ಯೆ ಮಧ್ಯೆ ಕುಡಿಯುತ್ತೇನೆ. ಗ್ಯಾಸ್ ಇರುವ ಪಾನೀಯ ಪೂರ್ತಿ ಬಿಟ್ಟೆ. ಆ ಮೊಟ್ಟೆ ವಾಸನೆ ತೇಗು ಅಲ್ಲಿಗೆ ಮುಕ್ಕಾಲು ಭಾಗ ಹೋಯಿತು.


ಅರವತ್ತರ ಹುರುಪು
ಬುಧವಾರ, ಬೆಳಗ್ಗೆ 10:30

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ವಾಂತಿ ಆಗುತ್ತಿದೆ ಅಂದರೆ ಔಷಧಿ ಕೆಲಸ ಮಾಡುತ್ತಿದೆ ಅಂತ ಅರ್ಥ. ನಾನು ಹಲ್ಲು ಕಚ್ಚಿ ತಡೆದುಕೊಂಡೆ, ಹದಿನಾಲ್ಕು ಕಿಲೋ ಇಳಿದೆ. ಧೈರ್ಯ ಬಿಡಬೇಡಿ, ಡೋಸ್ ಇಳಿಸಬೇಡಿ.


ನೈಟ್ ಡ್ಯೂಟಿ
ಬುಧವಾರ, ಬೆಳಗ್ಗೆ 10:50

ಸರ್, ನಿಮಗೆ ಒಳ್ಳೆಯದಾಗಿದ್ದು ಸಂತೋಷ. ಆದರೆ ಈ ಮಾತನ್ನು ದಯವಿಟ್ಟು ಇಲ್ಲಿ ಹೊಸಬರಿಗೆ ಹೇಳಬೇಡಿ. ಒಂದು ಹನಿ ವಾಕರಿಕೆ ಇಲ್ಲದೆ ಚೆನ್ನಾಗಿ ತೂಕ ಇಳಿದವರನ್ನು ನಾನು ಕಂಡಿದ್ದೇನೆ. ತೂಕ ಇಳಿಯುವುದು ಹಸಿವು ಕಡಿಮೆಯಾಗಿ ಕಡಿಮೆ ತಿನ್ನುವುದರಿಂದ. ವಾಂತಿಯಿಂದ ಅಲ್ಲ. ವಾಂತಿಯಿಂದ ಹೋಗುವುದು ನೀರು ಮತ್ತು ಉಪ್ಪಿನಂಶ.

ತಡೆದುಕೊಳ್ಳುವುದು ಒಂದು ಸಾಧನೆ ಅನ್ನುವ ಮಾತು ಕೇಳಿ ಕೇಳಿಯೇ ಜನ ತಡವಾಗಿ ಆಸ್ಪತ್ರೆಗೆ ಬರುತ್ತಾರೆ. ಈ ಮೇಡಂ ಕೂಡ ಅದೇ ಸಂಕೋಚದಲ್ಲಿ ಮೂರು ದಿನ ಕೂತಿದ್ದರು. ನೋಡಿದರಲ್ಲಾ?


ಔಷಧಿ ಕೌಂಟರ್
ಬುಧವಾರ, ಮಧ್ಯಾಹ್ನ 1:20

ನಾನು ಫಾರ್ಮಸಿಸ್ಟ್. ಸೀಮೆಸುಣ್ಣ ಅವರ "ನನಗೆ ಮಾತ್ರ" ಅನ್ನುವ ಮಾತಿಗೆ ಉತ್ತರ ಕೊಡಬೇಕು ಅನ್ನಿಸಿತು.

2021ರಲ್ಲಿ ಸ್ಟೆಪ್ 1 ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ ಬಂತು. 1,961 ಜನ, 68 ವಾರ. ಅವರಿಗೆ ಶುಗರ್ ಇರಲಿಲ್ಲ, ತೂಕಕ್ಕಾಗಿ ಕೊಟ್ಟದ್ದು, ಡೋಸ್ 2.4 ಮಿ.ಗ್ರಾಂವರೆಗೆ. ಸೆಮಾಗ್ಲುಟೈಡ್ ತಗೊಂಡ ನೂರು ಜನರಲ್ಲಿ ಸುಮಾರು 44 ಜನಕ್ಕೆ ವಾಕರಿಕೆ, 31 ಜನಕ್ಕೆ ಭೇದಿ, 25 ಜನಕ್ಕೆ ವಾಂತಿ, 23 ಜನಕ್ಕೆ ಮಲಬದ್ಧತೆ. ಔಷಧಿಯೇ ಇಲ್ಲದ ಸುಳ್ಳು ಇಂಜೆಕ್ಷನ್ ತಗೊಂಡ ಗುಂಪಿನಲ್ಲೂ 17 ಜನಕ್ಕೆ ವಾಕರಿಕೆ ಇತ್ತು. ಹೊಟ್ಟೆ ತೊಂದರೆಯಿಂದ ಔಷಧಿಯನ್ನೇ ಬಿಟ್ಟವರು ನೂರಕ್ಕೆ ನಾಲ್ಕೈದು. ಅಂದರೆ ತೊಂದರೆ ಆಗುವುದು ತೀರಾ ಸಾಮಾನ್ಯ, ಹೆಚ್ಚಿನವರು ಅದನ್ನು ದಾಟುತ್ತಾರೆ. ನಿಮ್ಮಲ್ಲಿ ಕೊರತೆ ಏನೂ ಇಲ್ಲ, ಮೇಡಂ.

ಇನ್ನೊಂದು ವಿಷಯ ಬಹಳ ಜನಕ್ಕೆ ಯಾರೂ ಬಿಡಿಸಿ ಹೇಳುವುದಿಲ್ಲ. ಸೆಮಾಗ್ಲುಟೈಡ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಹಾಗಾಗಿ ಎರಡನೇ ವಾರ ಚುಚ್ಚಿಕೊಳ್ಳುವಾಗ ಹಿಂದಿನ ವಾರದ್ದರಲ್ಲಿ ಅರ್ಧ ಇನ್ನೂ ಒಳಗೇ ಇರುತ್ತದೆ. ಒಂದರ ಮೇಲೆ ಅರ್ಧ, ಆಮೇಲೆ ಒಂದರ ಮೇಲೆ ಮುಕ್ಕಾಲು, ಹೀಗೆ ಏರುತ್ತಾ ನಾಲ್ಕೈದು ವಾರಕ್ಕೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಒಂದೊಂದು ಮೆಟ್ಟಿಲಲ್ಲೂ ಕನಿಷ್ಠ ನಾಲ್ಕು ವಾರ ಇರಿ ಅನ್ನುವುದು ಇದಕ್ಕೇ. ಆ ಹೊತ್ತಿಗೆ ಹೊಟ್ಟೆಯೂ ಒಗ್ಗಿಕೊಳ್ಳುತ್ತದೆ.

ಇದರಲ್ಲೇ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇದೆ. ನಾಲ್ಕು ವಾರ ಅನ್ನುವುದು ಕನಿಷ್ಠ ಲೆಕ್ಕ, ಗಡುವು ಅಲ್ಲ. ಶುಗರ್‌ಗೆ ತಗೊಳ್ಳುವವರಿಗೆ 0.5 ಮಿ.ಗ್ರಾಂನಲ್ಲೇ ಹಿಡಿತ ಸಿಕ್ಕರೆ ಅಲ್ಲೇ ಇರಬಹುದು. ನಿಮ್ಮದು 120ಕ್ಕೆ ಬಂದಿತ್ತಲ್ಲ? ಇದನ್ನು ಡಾಕ್ಟರ್ ಹತ್ತಿರ ಕೇಳಿ. ಇಳಿಸುವುದು ಅಂದರೆ ಸೋತ ಹಾಗೆ ಅಲ್ಲ. ಆದರೆ ತಾನೇ ಇಂಜೆಕ್ಷನ್ ಪೆನ್ನಿನ ಡಯಲ್ ಅರ್ಧಕ್ಕೆ ತಿರುಗಿಸಿ ಕ್ಲಿಕ್ ಎಣಿಸಿ ಹಾಕಿಕೊಳ್ಳುವುದು ಬೇಡ. ಪೆನ್ ಮೇಲೆ ನಮೂದಿಸಿರುವ ಡೋಸ್‌ಗೆ ಮಾತ್ರ ಅಳತೆ ಖಾತರಿ.

ಸೀಸೆಯಿಂದ ಸಿರಿಂಜ್‌ಗೆ ಎಳೆದು ಹಾಕಿಕೊಳ್ಳುವವರು ಇದ್ದರೆ ಇನ್ನೂ ಹುಷಾರು. ಮಿ.ಗ್ರಾಂ, ಮಿ.ಲೀ, ಯೂನಿಟ್ ಮೂರೂ ಬೇರೆ ಬೇರೆ. 2024ರ ಜುಲೈನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಸೀಸೆಯ ಸೆಮಾಗ್ಲುಟೈಡ್ ಎಳೆಯುವಾಗ ಲೆಕ್ಕ ತಪ್ಪಿ ಹಲವು ಪಟ್ಟು ಜಾಸ್ತಿ ಹಾಕಿಕೊಂಡು ಆಸ್ಪತ್ರೆ ಸೇರಿದವರಿದ್ದಾರೆ.


ಮೊದಲ ವಾರ
ಬುಧವಾರ, ಮಧ್ಯಾಹ್ನ 2:00

ನಾನು ಇದೇ ಶನಿವಾರ ಶುರು ಮಾಡಬೇಕು. ಇದನ್ನೆಲ್ಲ ಓದಿ ಭಯ ಆಗುತ್ತಿದೆ. ಆದರೂ ಗೊತ್ತಾಗಿದ್ದು ಒಳ್ಳೆಯದೇ ಆಯ್ತು. ಹೊಟ್ಟೆ, ತೊಡೆ, ತೋಳು, ಇವುಗಳಲ್ಲಿ ಎಲ್ಲಿ ಹಾಕಿದರೆ ವಾಕರಿಕೆ ಕಡಿಮೆ?


ಔಷಧಿ ಕೌಂಟರ್
ಬುಧವಾರ, ಮಧ್ಯಾಹ್ನ 2:10

ಮೂರು ಕಡೆಯಿಂದಲೂ ಮೈಗೆ ಹೆಚ್ಚು ಕಡಿಮೆ ಒಂದೇ ಥರ ಸೇರುತ್ತದೆ. ತೊಡೆಗೆ ಹಾಕಿಕೊಂಡಾಗ ವಾಕರಿಕೆ ಕಡಿಮೆ ಅಂತ ಹೇಳುವವರಿದ್ದಾರೆ. ಹಾಗೆ ಮಾಡಿ ನೋಡುವುದರಲ್ಲಿ ತಪ್ಪಿಲ್ಲ. ಜಾಗ ಮಾತ್ರ ವಾರ ವಾರ ಬದಲಿಸಿ. ಸೂಜಿ ಒಳಗೆ ಹೋದ ಮೇಲೆ ಗುಂಡಿ ಒತ್ತಿ ಕೂಡಲೇ ಎಳೆಯಬೇಡಿ. ಪೆನ್ನಿನ ಜೊತೆ ಬಂದ ಚೀಟಿಯಲ್ಲಿ ಎಷ್ಟು ಎಣಿಸಬೇಕು ಅಂತ ಇರುತ್ತದೆ. ಡಯಲ್ ತಿರುಗಿಸುವ ಪೆನ್ನಾದರೆ ಸೊನ್ನೆಗೆ ಬಂದ ಮೇಲೂ ನಿಧಾನವಾಗಿ ಆರರವರೆಗೆ ಎಣಿಸಿ ಆಮೇಲೆ ತೆಗೆಯಿರಿ. ಸೂಜಿ ಪ್ರತಿ ಸಲ ಹೊಸದು.


ಹನ್ನೊಂದು ವರ್ಷದ ಶುಗರ್
ಬುಧವಾರ, ಸಂಜೆ 4:45

ಇನ್ಸುಲಿನ್ ಜೊತೆಗೆ ಈ ಇಂಜೆಕ್ಷನ್ ತಗೊಳ್ಳುವವರು ನನ್ನ ಕತೆ ಒಮ್ಮೆ ಓದಿ.

ನನಗೆ ರಾತ್ರಿ ಇನ್ಸುಲಿನ್ ಇದೆ, ಬೆಳಗ್ಗೆ ಗ್ಲಿಮೆಪಿರೈಡ್ ಮಾತ್ರೆ ಇತ್ತು. ಮೇಲೆ ವಾರದ ಇಂಜೆಕ್ಷನ್ ಸೇರಿಸಿದರು. ಹೊಸದು ಸೇರಿಸಿದಾಗ ಹಳೆಯದನ್ನು ಕಡಿಮೆ ಮಾಡಬೇಕು ಅಂತ ಯಾರೂ ಹೇಳಲಿಲ್ಲ, ನನಗೂ ಕೇಳಬೇಕು ಅಂತ ಹೊಳೆಯಲಿಲ್ಲ. ಎರಡನೇ ವಾರ ಹಸಿವೇ ಇರಲಿಲ್ಲ. ರಾತ್ರಿ ನಾಲ್ಕು ತುತ್ತು ತಿಂದು ಎಂದಿನಷ್ಟೇ ಇನ್ಸುಲಿನ್ ಹಾಕಿ ಮಲಗಿದೆ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಯಿತು. ದಿಂಬು ಬೆವರಲ್ಲಿ ಒದ್ದೆ. ಲೈಟ್ ಸ್ವಿಚ್ ಎಲ್ಲಿದೆ ಅಂತ ಗೊತ್ತಾಗದೆ ಗೋಡೆ ಸವರುತ್ತಿದ್ದೆ. ನನ್ನ ಹೆಂಡತಿ ಎದ್ದು ಶುಗರ್ ನೋಡಿದಳು, 48. ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿದಳು. ಹದಿನೈದು ನಿಮಿಷ ಬಿಟ್ಟು ನೋಡಿದರೆ 66. ಮತ್ತೆ ಕುಡಿಸಿದಳು. ಅವಳ ಕೈ ನಡುಗುತ್ತಿದ್ದದ್ದು ಈಗಲೂ ಕಣ್ಣ ಮುಂದೆ ಇದೆ.

ಈ ಇಂಜೆಕ್ಷನ್ ಒಂದೇ ಇದ್ದರೆ ಶುಗರ್ ಅಷ್ಟು ಸುಲಭವಾಗಿ ಲೋ ಆಗುವುದಿಲ್ಲ. ರಕ್ತದಲ್ಲಿ ಶುಗರ್ ಏರಿದಾಗ ಮಾತ್ರ ಅದು ಇನ್ಸುಲಿನ್ ಹೊರಗೆ ತರಿಸುತ್ತದೆ. ಇನ್ಸುಲಿನ್ ಇಂಜೆಕ್ಷನ್, ಗ್ಲಿಮೆಪಿರೈಡ್ ಥರದ ಮಾತ್ರೆ ಜೊತೆಗಿದ್ದಾಗಲೇ ಅಪಾಯ. ಈಗ ನನ್ನ ಮಾತ್ರೆ ನಿಲ್ಲಿಸಿದ್ದಾರೆ, ಇನ್ಸುಲಿನ್ ಮೂರನೇ ಒಂದು ಭಾಗ ಇಳಿಸಿದ್ದಾರೆ. ಹಾಸಿಗೆ ಪಕ್ಕ ಗ್ಲೂಕೋಸ್ ಪುಡಿ ಇಟ್ಟೇ ಮಲಗುತ್ತೇನೆ.

ಕಣ್ಣಿನ ಮಾತೂ ಹೇಳಿಬಿಡುತ್ತೇನೆ. ಬಹಳ ವರ್ಷದ ಶುಗರ್ ಇದ್ದು ಕಣ್ಣಿನ ಪರದೆಗೆ ಈಗಾಗಲೇ ತೊಂದರೆ ಇರುವವರಿಗೆ, ಶುಗರ್ ತಟ್ಟನೆ ಇಳಿದಾಗ ಅದು ಕೆಲವು ಕಾಲ ಜಾಸ್ತಿ ಆಗಬಹುದು. 2016ರಲ್ಲಿ ಬಂದ ಸಸ್ಟೈನ್ 6 ಅಧ್ಯಯನದಲ್ಲಿ ಇದು ಕಂಡಿತು ಅಂತ ನನ್ನ ಕಣ್ಣಿನ ಡಾಕ್ಟರ್ ವಿವರಿಸಿದರು: ಸೆಮಾಗ್ಲುಟೈಡ್ ತಗೊಂಡವರಲ್ಲಿ ನೂರಕ್ಕೆ 3, ತಗೊಳ್ಳದವರಲ್ಲಿ 1.8. ಶುರು ಮಾಡುವ ಮುಂಚೆ ಕಣ್ಣು ತೋರಿಸಿಕೊಳ್ಳಿ. ನೋಟ ಇದ್ದಕ್ಕಿದ್ದಂತೆ ಮಂಜಾದರೆ ಒಂದು ದಿನವೂ ಕಾಯಬೇಡಿ.


ಸೀಮೆಸುಣ್ಣ
ಬುಧವಾರ, ರಾತ್ರಿ 8:30

ವಾಪಸ್ ಬಂದೆ. ಎರಡು ಬಾಟಲ್ ಡ್ರಿಪ್ ಹಾಕಿದರು. ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಸ್ವಲ್ಪ ಏರಿದೆ, ನೀರು ಬತ್ತಿದ್ದಕ್ಕೆ ಅಂದರು. ಎರಡು ದಿನ ಬಿಟ್ಟು ಮತ್ತೆ ನೋಡಬೇಕು. ಮೆಟ್‌ಫಾರ್ಮಿನ್, ಬಿಪಿ ಮಾತ್ರೆ ಎರಡೂ ಅಲ್ಲಿಯವರೆಗೆ ನಿಲ್ಲಿಸಿದ್ದಾರೆ. ಮೇದೋಜೀರಕ ಗ್ರಂಥಿಯ ಪರೀಕ್ಷೆ ಸರಿ ಇದೆ. ವಾಂತಿಗೆ ಮಾತ್ರೆ ಕೊಟ್ಟಿದ್ದಾರೆ.

ನೈಟ್ ಡ್ಯೂಟಿ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಇನ್ನೊಂದು ದಿನ ಮನೆಯಲ್ಲೇ ಕೂತಿದ್ದರೆ ಕಷ್ಟ ಆಗುತ್ತಿತ್ತು ಅಂತ ಡಾಕ್ಟರ್ ಹೇಳಿದರು.


ನೈಟ್ ಡ್ಯೂಟಿ
ಬುಧವಾರ, ರಾತ್ರಿ 8:45

ಹೋಗಿ ಬಂದಿರಲ್ಲ, ಅಷ್ಟು ಸಾಕು ನನಗೆ. ವಾಂತಿ ಮಾತ್ರೆ ಯಾವುದು? ಒಂಡಾನ್‌ಸೆಟ್ರಾನ್ ಆದರೆ ಮಲಬದ್ಧತೆ ಆಗಬಹುದು, ಈ ಇಂಜೆಕ್ಷನ್ ಕೂಡ ಅದನ್ನೇ ಮಾಡುತ್ತದೆ. ಮೂರು ದಿನ ಮಲವಿಸರ್ಜನೆ ಆಗದಿದ್ದರೆ ಹೇಳಿ. ಹೊಟ್ಟೆ ಉಬ್ಬಿ, ಗ್ಯಾಸ್ ಕೂಡ ಹೋಗದೆ, ಜೊತೆಗೆ ವಾಂತಿ ಬಂದರೆ ಅದು ಬೇರೆ ವಿಷಯ, ಆಗ ನೇರ ಆಸ್ಪತ್ರೆ.


ಬಾಚಣಿಗೆ
ಗುರುವಾರ, ಬೆಳಗ್ಗೆ 9:10

ಮಲಬದ್ಧತೆ ಬಗ್ಗೆ ನಾನು ಹೇಳಬಲ್ಲೆ. ನನ್ನದು ಟಿರ್ಜೆಪಟೈಡ್, ಇದೇ ಥರದ ಇನ್ನೊಂದು ವಾರದ ಇಂಜೆಕ್ಷನ್. ಏಳು ತಿಂಗಳಾಯಿತು, ಈಗ 7.5 ಮಿ.ಗ್ರಾಂ. ನನಗೆ ವಾಂತಿ ಒಂದು ಸಲವೂ ಆಗಿಲ್ಲ. ಆದರೆ ಐದೈದು ದಿನ ಹೊಟ್ಟೆ ಕಟ್ಟುತ್ತಿತ್ತು. ಯಾರೋ ನಾರಿನ ಪುಡಿ ತಿನ್ನಿ ಅಂದರು. ನೀರು ಕುಡಿಯದೆ ಬರೀ ಪುಡಿ ನುಂಗಿದೆ, ಇನ್ನೂ ಗಟ್ಟಿಯಾಯಿತು. ನಾರು ತಿಂದರೆ ನೀರು ಬೇಕೇ ಬೇಕು. ಈ ಔಷಧಿಯಲ್ಲಿ ಬಾಯಾರಿಕೆಯೂ ಕಡಿಮೆ ಆಗುತ್ತದೆ, ಅದು ನಮಗೆ ಗೊತ್ತೇ ಆಗುವುದಿಲ್ಲ. ಈಗ ಬಾಟಲಿಗೆ ಗೆರೆ ಹಾಕಿ ಇಟ್ಟಿದ್ದೇನೆ. ಹನ್ನೊಂದಕ್ಕೆ ಒಂದು ಗೆರೆ, ಒಂದಕ್ಕೆ ಒಂದು, ಹೀಗೆ. ಜೊತೆಗೆ ನೀರು ಎಳೆದು ಮಲ ಮೆತ್ತಗೆ ಮಾಡುವ ಪುಡಿಯನ್ನು ಡಾಕ್ಟರ್ ಬರೆದುಕೊಟ್ಟರು. ಬೆಳಗ್ಗೆ ಅರ್ಧ ಗಂಟೆ ನಡೆಯುತ್ತೇನೆ. ಈಗ ಒಂದು ದಿನ ಬಿಟ್ಟು ಒಂದು ದಿನ ಸರಾಗ.

ನನ್ನನ್ನು ಅಳಿಸಿದ್ದು ಕೂದಲು. ನಾಲ್ಕನೇ ತಿಂಗಳು ತಲೆ ಬಾಚಿದರೆ ಬಾಚಣಿಗೆ ಹಲ್ಲು ಕಾಣದಷ್ಟು ಬರುತ್ತಿತ್ತು. ಸ್ನಾನದ ಮನೆ ಜಾಲರಿ ಮೇಲೆ ಮುದ್ದೆ ಮುದ್ದೆ. ಚರ್ಮದ ಡಾಕ್ಟರ್ ಸಮಾಧಾನವಾಗಿ ಕೂರಿಸಿ ಹೇಳಿದರು. ತೂಕ ಬೇಗ ಇಳಿದಾಗ, ಜ್ವರ, ಹೆರಿಗೆ, ಆಪರೇಷನ್ ಆದ ಮೇಲೆ ಹೇಗೆ ಉದುರುತ್ತದೋ ಹಾಗೇ ಇದು. ಒಟ್ಟಿಗೆ ಬಹಳ ಕೂದಲು ವಿಶ್ರಾಂತಿಗೆ ಹೋಗಿ ಎರಡು ಮೂರು ತಿಂಗಳು ಬಿಟ್ಟು ಉದುರುತ್ತವೆ. ಬುಡ ಸಾಯುವುದಿಲ್ಲ, ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ವಾಪಸ್ ಬರುತ್ತದೆ. ಫೆರಿಟಿನ್ (ಮೈಯಲ್ಲಿ ಕಬ್ಬಿಣದಂಶ ಎಷ್ಟಿದೆ ಅಂತ ತೋರಿಸುವ ಪರೀಕ್ಷೆ), ಥೈರಾಯ್ಡ್ ನೋಡಿದರು. ಕಬ್ಬಿಣದಂಶ ಕಡಿಮೆ ಇತ್ತು, ಅದಕ್ಕೆ ಮಾತ್ರೆ. "ದಿನಕ್ಕೆ ಎಷ್ಟು ಪ್ರೋಟೀನ್ ತಿನ್ನುತ್ತೀರಿ?" ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಸಿವಿಲ್ಲ ಅಂತ ಎರಡು ಬಿಸ್ಕತ್ತು, ಒಂದು ಲೋಟ ಚಹಾದಲ್ಲಿ ಮಧ್ಯಾಹ್ನ ಕಳೆಯುತ್ತಿದ್ದೆ.

ಈಗ ತಟ್ಟೆಯಲ್ಲಿ ಮೊದಲು ಮೊಟ್ಟೆ, ಕಾಳು, ಮೊಸರು. ಅದು ಒಳಗೆ ಹೋದ ಮೇಲೆ ಜಾಗ ಇದ್ದರೆ ಉಳಿದದ್ದು. ವಾರಕ್ಕೆ ಎರಡು ದಿನ ನೀರು ತುಂಬಿದ ಬಾಟಲ್ ಹಿಡಿದು ಕೈಗೆ, ಕುರ್ಚಿಯಲ್ಲಿ ಕೂತು ಎದ್ದು ಕಾಲಿಗೆ ವ್ಯಾಯಾಮ. ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ, ಅದನ್ನು ಉಳಿಸಿಕೊಳ್ಳಬೇಕು. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಎಷ್ಟು ಅಂತ ಕೇಳಿಕೊಂಡೇ ಏರಿಸಿ. ಹೊಸ ಕೂದಲು ಹಣೆಯಂಚಲ್ಲಿ ಒಂದಿಂಚು ಬಂದಿದೆ. ದಿನಾ ಮುಟ್ಟಿ ನೋಡುತ್ತೇನೆ.


ಎರಡು ಮಕ್ಕಳಮ್ಮ
ಗುರುವಾರ, ಬೆಳಗ್ಗೆ 11:30

ಬಾಚಣಿಗೆ ಅವರೇ, ಟಿರ್ಜೆಪಟೈಡ್ ಬಗ್ಗೆ ಒಂದು ಕೇಳಬೇಕಿತ್ತು. ನಾನು ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತೇನೆ. ಇದರಿಂದ ಏನಾದರೂ ವ್ಯತ್ಯಾಸ ಆಗುತ್ತದಾ? ಡಾಕ್ಟರ್ ಹತ್ತಿರ ಕೇಳೋಕೆ ಮರೆತೆ.


ಔಷಧಿ ಕೌಂಟರ್
ಗುರುವಾರ, ಮಧ್ಯಾಹ್ನ 12:15

ಒಳ್ಳೆಯ ಪ್ರಶ್ನೆ, ಆಗುತ್ತದೆ. ಟಿರ್ಜೆಪಟೈಡ್ ಶುರು ಮಾಡಿದ ಮೇಲೆ ನಾಲ್ಕು ವಾರ, ಮತ್ತೆ ಪ್ರತಿ ಸಲ ಡೋಸ್ ಏರಿಸಿದಾಗ ನಾಲ್ಕು ವಾರ, ಬರೀ ಮಾತ್ರೆಯನ್ನು ನಂಬಬೇಡಿ. ಕಾಂಡೋಮ್ ಕೂಡ ಬಳಸಿ, ಇಲ್ಲವೇ ಮಾತ್ರೆ ಬಿಟ್ಟು ಬೇರೆ ವಿಧಾನಕ್ಕೆ ಹೋಗಿ. ಹೊಟ್ಟೆ ನಿಧಾನವಾಗುವುದರಿಂದ ಮಾತ್ರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಯಾವ ಇಂಜೆಕ್ಷನ್ ಆದರೂ ಸರಿ, ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿ ಆದರೆ ಆ ಮಾತ್ರೆ ಲೆಕ್ಕಕ್ಕಿಲ್ಲ. ಮಗು ಬೇಕು ಅಂತ ಯೋಚನೆ ಇರುವವರು ಸೆಮಾಗ್ಲುಟೈಡ್ ಅನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು.


ಹಸಿರು ಪೆಟ್ಟಿಗೆ
ಗುರುವಾರ, ರಾತ್ರಿ 9:40

ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಯಾರನ್ನೂ ಹೆದರಿಸುವ ಉದ್ದೇಶ ಇಲ್ಲ.

ನನಗೆ ಎಂಟು ತಿಂಗಳಲ್ಲಿ 19 ಕಿಲೋ ಇಳಿದಿತ್ತು. ಒಂದು ರಾತ್ರಿ ಊಟ ಆಗಿ ಒಂದು ಗಂಟೆಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡಿತು. ಬಲ ಭುಜದವರೆಗೆ ನೋವು. ಇಂಜೆಕ್ಷನ್‌ನ ಗ್ಯಾಸ್ ಇರಬೇಕು ಅಂತ ಮಾತ್ರೆ ನುಂಗಿ ಮಲಗಿದೆ. ಬೆಳಗಿನ ಹೊತ್ತಿಗೆ ಚಳಿ ಜ್ವರ. ಸ್ಕ್ಯಾನ್‌ನಲ್ಲಿ ಪಿತ್ತಕೋಶದ ಕಲ್ಲು, ಸೋಂಕು. ಆಪರೇಷನ್ ಆಯಿತು. ತೂಕ ಬೇಗ ಇಳಿದರೆ ಯಾರಿಗಾದರೂ ಕಲ್ಲು ಆಗುವ ಸಾಧ್ಯತೆ ಏರುತ್ತದೆ, ಈ ಔಷಧಿಗಳಲ್ಲೂ ಆ ಎಚ್ಚರಿಕೆ ಇದೆ ಅಂತ ಆಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ಆ ರಾತ್ರಿ ಮಲಗುತ್ತಿರಲಿಲ್ಲ.

ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರ್ "ಕೊನೆಯ ಊಟ ಯಾವಾಗ?" ಅಂತ ಕೇಳಿದರು. ನಿನ್ನೆ ರಾತ್ರಿ ಅಂದೆ. ಇಂಜೆಕ್ಷನ್ ವಿಷಯ ನನ್ನ ತಂಗಿ ನೆನಪಿಸಿದ್ದಕ್ಕೆ ಹೇಳಿದೆ. ಅವರು ಕೂಡಲೇ ಹೊಟ್ಟೆಯ ಸ್ಕ್ಯಾನ್ ಮಾಡಿ ನೋಡಿದರು. ಹನ್ನೆರಡು ಗಂಟೆ ಮೇಲಾಗಿದ್ದರೂ ಊಟ ಇನ್ನೂ ಅಲ್ಲೇ ಇತ್ತು. ಪ್ರಜ್ಞೆ ತಪ್ಪಿಸಿದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಅದಕ್ಕೆ ತಕ್ಕ ಹಾಗೆ ತಯಾರಿ ಮಾಡಿಕೊಂಡರು. ಹಲ್ಲು, ಕಣ್ಣು, ಎಂಡೋಸ್ಕೋಪಿ, ಏನೇ ಇರಲಿ, ನಿದ್ದೆ ಬರಿಸುತ್ತಾರೆ ಅಂದರೆ ಈ ಇಂಜೆಕ್ಷನ್ ವಿಷಯ ಮೊದಲು ಹೇಳಿ. ಇಂಜೆಕ್ಷನ್ ನಿಲ್ಲಿಸಬೇಕಾ, ಹಿಂದಿನ ದಿನ ಬರೀ ದ್ರವ ಕುಡಿದರೆ ಸಾಕಾ ಅನ್ನುವುದನ್ನು ಅವರು ನೋಡಿಕೊಳ್ಳುತ್ತಾರೆ.


ನೈಟ್ ಡ್ಯೂಟಿ
ಶುಕ್ರವಾರ, ಬೆಳಗ್ಗೆ 6:30

ಬರೆದಿದ್ದಕ್ಕೆ ನಿಮಗೆ ದೊಡ್ಡ ಥ್ಯಾಂಕ್ಸ್. ಇದನ್ನು ಓದುವವರು ಎರಡು ನೋವನ್ನು ಮಾತ್ರ ನೆನಪಿಡಿ. ಬಲ ಪಕ್ಕೆಯ ಕೆಳಗೆ ಬಂದು ಜ್ವರ ಇಲ್ಲವೇ ಕಣ್ಣು ಹಳದಿ ಆದರೆ ಪಿತ್ತಕೋಶ. ಹೊಟ್ಟೆಯ ಮೇಲ್ಭಾಗದ ನಡುವೆ ಬಿಡದೆ ಕೊರೆದು ಬೆನ್ನಿಗೆ ಹರಿದರೆ, ಬಗ್ಗಿ ಕೂತರೆ ಸ್ವಲ್ಪ ಹಾಯೆನಿಸಿದರೆ, ಅದು ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು. ಅಪರೂಪ, ಆದರೆ ಆಗ ಮುಂದಿನ ಇಂಜೆಕ್ಷನ್ ಹಾಕಬಾರದು, ಕೂಡಲೇ ತೋರಿಸಬೇಕು. ಬಂದು ಹೋಗುವ ವಾಕರಿಕೆ, ಹೊಟ್ಟೆ ಭಾರ, ಇವಕ್ಕೆ ಕಾದು ನೋಡಬಹುದು. ಬಿಡದ ನೋವಿಗೆ ಕಾಯಬಾರದು.

ಮೊದಲ ವಾರ, ನೀವು ನಾಳೆ ಶುರು ಮಾಡುವವರಲ್ವಾ? ಮನೆಯಲ್ಲಿ ಯಾರಿಗಾದರೂ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇತ್ತಾ ಅಂತ ಡಾಕ್ಟರ್ ಕೇಳಿದರಾ? ಇದ್ದರೆ ಈ ಔಷಧಿ ಕೊಡುವುದಿಲ್ಲ. ಸಾಮಾನ್ಯ ಥೈರಾಯ್ಡ್ ಮಾತ್ರೆ ತಗೊಳ್ಳುವವರಿಗೆ ಆ ತಡೆ ಇಲ್ಲ.


ಮೊದಲ ವಾರ
ಶುಕ್ರವಾರ, ಬೆಳಗ್ಗೆ 7:50

ಕೇಳಿದರು, ಯಾರಿಗೂ ಇಲ್ಲ. ಹಿಂದೆ ಮೇದೋಜೀರಕದ ತೊಂದರೆ ಇತ್ತಾ ಅಂತಲೂ ಕೇಳಿದರು. ಒಂದು ಚಿಂತೆ ಏನೆಂದರೆ, ಪೆನ್ ತಂದು ಫ್ರಿಜ್‌ನಲ್ಲಿ ಐಸ್ ಕಟ್ಟುವ ಜಾಗದ ಪಕ್ಕಕ್ಕೇ ಇಟ್ಟಿದ್ದೆ. ಡಬ್ಬದ ಮೇಲೆ ಐಸ್ ಪದರ ಕಟ್ಟಿದೆ.


ಔಷಧಿ ಕೌಂಟರ್
ಶುಕ್ರವಾರ, ಬೆಳಗ್ಗೆ 9:00

ಒಳಗಿನ ಔಷಧಿ ಹೆಪ್ಪುಗಟ್ಟಿದ್ದರೆ ಅದನ್ನು ಬಳಸಬಾರದು, ಕರಗಿ ನೋಡಲು ಚೆನ್ನಾಗಿ ಕಂಡರೂ ಸರಿ. ಕೊಂಡ ಅಂಗಡಿಯಲ್ಲಿ ತೋರಿಸಿ ಕೇಳಿ, ಅನುಮಾನ ಇದ್ದರೆ ಹಾಕಿಕೊಳ್ಳಬೇಡಿ. ಇಡಬೇಕಾದದ್ದು 2ರಿಂದ 8 ಡಿಗ್ರಿ. ಫ್ರಿಜ್‌ನ ನಡುವಿನ ಅರೆ ಒಳ್ಳೆಯದು, ಹಿಂದಿನ ಗೋಡೆಗೆ ತಾಗಿಸಬೇಡಿ. ಒಂದು ವಾರ ತಡವಾಗಿ ಶುರು ಮಾಡಿದರೆ ಏನೂ ನಷ್ಟ ಇಲ್ಲ.


ಸೀಮೆಸುಣ್ಣ
ಭಾನುವಾರ, ರಾತ್ರಿ 9:20

ಎಲ್ಲರೂ ಕೇಳುತ್ತಿದ್ದಿರಿ, ಅದಕ್ಕೆ ಬರೆಯುತ್ತಿದ್ದೇನೆ. ಕ್ರಿಯಾಟಿನಿನ್ ಮಾಮೂಲಿಗೆ ಬಂತು. ಮಾತ್ರೆಗಳು ನಿನ್ನೆಯಿಂದ ಮತ್ತೆ ಶುರು. ಈ ವಾರ ಇಂಜೆಕ್ಷನ್ ಇಲ್ಲ. ಹೋದ ವಾರದ್ದರಲ್ಲಿ ಅರ್ಧ ಇನ್ನೂ ಒಳಗಿದೆ ಅಂತ ಡಾಕ್ಟರ್ ಕೂಡ ಹೇಳಿದರು, ನನಗೆ ಇಲ್ಲಿ ಓದಿದ್ದು ನೆನಪಾಯಿತು. ಮುಂದಿನ ಭಾನುವಾರದಿಂದ 0.5 ಮಿ.ಗ್ರಾಂ, ಮೂರು ತಿಂಗಳು ಅಲ್ಲೇ. ಆಮೇಲೆ ಮೂರು ತಿಂಗಳ ಶುಗರ್ ಸರಾಸರಿ ನೋಡಿ ತೀರ್ಮಾನ. "ಶುಗರ್ ಹಿಡಿತದಲ್ಲಿದ್ದರೆ ಏರಿಸುವ ಅವಸರ ನನಗೂ ಇಲ್ಲ" ಅಂದರು. ನಾನು ಇಷ್ಟು ದಿನ ಏರಿಸಲೇಬೇಕು ಅಂದುಕೊಂಡಿದ್ದೆ.

ಇವತ್ತು ಮಧ್ಯಾಹ್ನ ಚಿಕ್ಕ ತಟ್ಟೆಯಲ್ಲಿ ಉಂಡೆ. ಅರ್ಧಕ್ಕೆ ಚಮಚ ಕೆಳಗಿಟ್ಟೆ, ಬೆಳಗಿನ ನಡಿಗೆ ಅವರು ಹೇಳಿದ ಹಾಗೆ. ಐದು ನಿಮಿಷ ಬಿಟ್ಟು ನೋಡಿದೆ, ಸಾಕಾಗಿತ್ತು. ಹೊಟ್ಟೆಯಲ್ಲಿ ನಿಂತಿದೆ. ನಾಳೆ ಕ್ಲಾಸಿಗೆ ಹೋಗುತ್ತಿದ್ದೇನೆ.


ಅರವತ್ತರ ಹುರುಪು
ಭಾನುವಾರ, ರಾತ್ರಿ 9:55

ಒಳ್ಳೆಯದಾಯಿತಮ್ಮಾ. ಅವತ್ತು ನಾನು ಬರೆದದ್ದು ಸರಿ ಇರಲಿಲ್ಲ. ನನಗೂ ಎರಡು ತಿಂಗಳಿಂದ ಎದ್ದು ನಿಂತರೆ ತಲೆ ಸುತ್ತುತ್ತಿದೆ, ಯಾರಿಗೂ ಹೇಳಿರಲಿಲ್ಲ. ಬಿಪಿ ಮಾತ್ರೆ ತೂಕ ಇಳಿಯುವ ಮುಂಚಿನ ಡೋಸೇ ಇದೆ. ನಾಳೆ ತೋರಿಸಿಕೊಂಡು ಬರುತ್ತೇನೆ.


ನೈಟ್ ಡ್ಯೂಟಿ
ಭಾನುವಾರ, ರಾತ್ರಿ 10:05

ಖಂಡಿತ ಹೋಗಿ ಸರ್. ಕೂತಾಗ ಒಂದು ಸಲ, ನಿಂತಾಗ ಒಂದು ಸಲ ಬಿಪಿ ನೋಡಲು ಹೇಳಿ. ಏನು ಅಂದರು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.